ರಾಗಿಗುಡ್ಡ ಗೃಹಕ್ರಯ ಮೀಮಾಂಸೆ

ಅನುಬಂಧ

ಶಾಸ್ತ್ರಗ್ರಂಥ ಯಾವುದೇ ಇರಲಿ, ಮೊದಲು ನಾಲ್ಕು ಸಂಗತಿ ಹೇಳಬೇಕೆಂಬುದು ಹಿರಿಯರ ಕಟ್ಟಳೆ: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಇಲ್ಲಿ ವಿಷಯ ಶಿವಮೊಗ್ಗದ ರಾಗಿಗುಡ್ಡದ ಆಸುಪಾಸಿನಲ್ಲೊಂದು 30×40 ಸೈಟು, ದೇವರು ಕೊಟ್ಟರೆ ಅದರ ಮೇಲೊಂದು ಮನೆ. ಪ್ರಯೋಜನ ಬಾಡಿಗೆಯಿಂದ ಬಿಡುಗಡೆ ಹೊಂದಿ ಇಎಂಐಯಲ್ಲಿ ಲೀನವಾಗುವುದು. ಸಂಬಂಧ ಹೆಂಡತಿಯ ಕಡೆಯದು. ಸೈಟು ಹುಡುಕಿ ಕೊಟ್ಟವನು ಭಾಮೈದ. ಇನ್ನು ಅಧಿಕಾರಿ, ಅಂದರೆ ಈ ಶಾಸ್ತ್ರ ಓದಲು ಯೋಗ್ಯನಾದವನು: ವರ್ಗವಾಗಿ ಬಂದ ಬ್ಯಾಂಕಿನವರು, ಲ್ಯಾಪ್‌ಟಾಪ್ ಸಮೇತ ಬೆಂಗಳೂರು ಬಿಟ್ಟು ಬಂದ ಟೆಕ್ಕಿ, ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಆಯುಷ್ಯ ಕಳೆದು ಈಗ ಸ್ವಂತ ಗೋಡೆಗೆ ಮೊಳೆ ಹೊಡೆಯುವ ಆಸೆ ಹುಟ್ಟಿದ ನಿವೃತ್ತರು.

ದೇಶನಿರ್ಣಯವೂ ಆಗಬೇಕು. ತುಂಗೆ ಶಿವಮೊಗ್ಗವನ್ನು ದಾಟಿ, ಭದ್ರೆ ಭದ್ರಾವತಿಯನ್ನು ದಾಟಿ, ಎರಡೂ ಕೂಡಲಿಯಲ್ಲಿ ಸೇರುತ್ತವೆ. ಊರುಗಳು ಮಾತ್ರ ಅಷ್ಟು ದೂರ ಹರಿಯದೆ ಶಿವಮೊಗ್ಗ-ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರದ, ಅರ್ಥಾತ್ ಸೂಡಾದ, ಕಡತದಲ್ಲೇ ಸಂಗಮವಾಗಿವೆ. ಲೇಔಟಿನ ನಕ್ಷೆಗೆ ಈ ಸಂಗಮದಲ್ಲಿ ಸ್ನಾನವಾಗಿದೆಯೇ ಎಂದು ನೋಡುವುದು ಅಧಿಕಾರಿಯ ಮೊದಲ ಕರ್ತವ್ಯ.

ತಿಳಿವಳಿಕೆಗೆ ದಾರಿಗಳು, ಅರ್ಥಾತ್ ಪ್ರಮಾಣಗಳು, ಎಷ್ಟು? ಚಾರ್ವಾಕರು ಒಂದು ಅಂದರು, ನೈಯಾಯಿಕರು ನಾಲ್ಕು, ಭಾಟ್ಟ ಮೀಮಾಂಸಕರು ಆರು. ಸೈಟಿನ ವಿಚಾರಕ್ಕೆ ಆರೂ ಸಾಲವು. ಆದರೂ ಆರರಿಂದಲೇ ಆರಂಭಿಸೋಣ.

1. ಪ್ರತ್ಯಕ್ಷ

ಕಣ್ಣಾರೆ ಕಂಡದ್ದು ಪ್ರತ್ಯಕ್ಷ. ಇದಕ್ಕೆ ಪ್ರಶಸ್ತ ಕಾಲ ಫೆಬ್ರವರಿಯ ಭಾನುವಾರ ಬೆಳಿಗ್ಗೆ. ನೆಲ ಒಣಗಿರುತ್ತದೆ, ಗಡಿಕಲ್ಲಿಗೆ ಹೊಸ ಸುಣ್ಣ ಬಿದ್ದಿರುತ್ತದೆ, "ಗಾಳಿ ನೋಡಿ ಭಾವ, ಏಸಿನೇ ಬೇಡ" ಎಂದು ಭಾಮೈದ ಭಾಷ್ಯ ಹೇಳುತ್ತಿರುತ್ತಾನೆ. ಮಬ್ಬಿನಲ್ಲಿ ಹಗ್ಗವನ್ನು ಹಾವೆಂದುಕೊಳ್ಳುವುದು ಭ್ರಮೆಗೆ ಹಳೆಯ ಉದಾಹರಣೆ; ಪಟ್ಟಪಗಲಲ್ಲಿ ಹಳ್ಳವನ್ನು ಸೈಟೆಂದುಕೊಳ್ಳುವುದು ಹೊಸದು. ಹಗ್ಗದ ಭ್ರಮೆ ದೀಪ ತಂದರೆ ಹೋಗುತ್ತದೆ. ಸೈಟಿನ ಭ್ರಮೆ ಹೋಗಲು ಜುಲೈ ಬರಬೇಕು.

ಗುಡ್ಡವಿದ್ದಲ್ಲಿ ಇಳಿಜಾರು, ಇಳಿಜಾರಿದ್ದಲ್ಲಿ ನೀರಿಗೆ ಅದರದೇ ದಾರಿ. ನೀರು ಲೇಔಟ್ ಪ್ಲಾನ್ ಓದಿಕೊಂಡು ಹರಿಯುವುದಿಲ್ಲ. ಹೊಳೆಬದಿಯ ಕಥೆ ಬೇರೆ. ಗಾಜನೂರಿನ ತುಂಗಾ ಜಲಾಶಯ ಸಣ್ಣದು, ಮೇಲೆ ಮಳೆ ಹಿಡಿದರೆ ಗೇಟು ತೆರೆಯಲೇಬೇಕು. 2019ರ ಆಗಸ್ಟ್‌ನಲ್ಲಿ ಶಿವಮೊಗ್ಗದ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿದ್ದನ್ನು ಊರು ಮರೆತಿಲ್ಲ. ಹೊಳೆಯ ನಡುವಿನ ಮಂಟಪ ಮುಳುಗಿತೇ ಎಂದು ಊರಿನವರು ಕೊಡೆ ಹಿಡಿದು ನೋಡಲು ಹೋಗುವ ದಿನವೇ ಹೊಸಬರು ಸೈಟು ನೋಡಲು ಹೋಗತಕ್ಕದ್ದು.

2. ಅನುಮಾನ

ಗುಡ್ಡದಲ್ಲಿ ಹೊಗೆ ಕಂಡರೆ ಬೆಂಕಿಯಿದೆ, ಅಡುಗೆಮನೆಯಲ್ಲಿ ಇರುವಂತೆ: ಇದು ತರ್ಕಶಾಸ್ತ್ರದ ಮೊದಲ ಪಾಠ. ರಾಗಿಗುಡ್ಡದಲ್ಲಿ ಹೊಗೆಯ ಬದಲು ಫ್ಲೆಕ್ಸ್ ಕಾಣುತ್ತದೆ. ದಲ್ಲಾಳಿಯು ಐದು ಅವಯವಗಳ ವಾಕ್ಯವನ್ನು ಬೈಕಿನಿಂದ ಇಳಿಯುವ ಮೊದಲೇ ಮುಗಿಸುತ್ತಾನೆ. ಪ್ರತಿಜ್ಞೆ: ಈ ಸೈಟಿನ ಬೆಲೆ ಏರುತ್ತದೆ. ಹೇತು: ವಿಮಾನ ನಿಲ್ದಾಣ ಬಂದಿರುವುದರಿಂದ. ಉದಾಹರಣೆ: ದೇವನಹಳ್ಳಿಯಂತೆ. ಉಪನಯ: ಇಲ್ಲೂ ಸೋಗಾನೆಯಲ್ಲಿ ಬಂದಿದೆ. ನಿಗಮನ: ಆದ್ದರಿಂದ ಅಡ್ವಾನ್ಸ್ ಕೊಡಿ.

ಹೇತು ಸುಳ್ಳಲ್ಲ. ಕುವೆಂಪು ಹೆಸರಿನ ಆ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಯಿತು, ಆಗಸ್ಟ್ 31ರಿಂದ ವಿಮಾನವೂ ಹಾರಿತು. ಆದರೆ ವ್ಯಾಪ್ತಿ, ಅಂದರೆ ಹೇತುವಿಗೂ ಫಲಕ್ಕೂ ಇರಬೇಕಾದ ತಪ್ಪದ ನಂಟು, ದುರ್ಬಲ. ದೊಡ್ಡದೊಂದು ಬಂದ ಊರಿನಲ್ಲೆಲ್ಲ ಬೆಲೆ ಏರಿ ಅಲ್ಲೇ ನಿಲ್ಲುವುದಾದರೆ ಭದ್ರಾವತಿ ಇಂದು ಎಲ್ಲಿರಬೇಕಿತ್ತು? ವಿಶ್ವೇಶ್ವರಯ್ಯನವರ ಕಬ್ಬಿಣದ ಕಾರ್ಖಾನೆ 1923ರಲ್ಲೇ ಉತ್ಪಾದನೆ ಆರಂಭಿಸಿತ್ತು. ಆಮೇಲೆ ಕಾಗದದ ಕಾರ್ಖಾನೆಯೂ ಬಂತು. ಕಾಗದದ್ದು ನಿಂತುಹೋಯಿತು. ಕಬ್ಬಿಣದ್ದನ್ನು ಮುಚ್ಚುವ ತೀರ್ಮಾನ ಹೊರಬಿದ್ದದ್ದು 2023ರ ಜನವರಿಯಲ್ಲಿ, ಪಕ್ಕದ ಸೋಗಾನೆಯಲ್ಲಿ ಉದ್ಘಾಟನೆಯ ಶಾಮಿಯಾನಕ್ಕೆ ಅಳತೆ ತೆಗೆಯುವ ಹೊತ್ತಿನಲ್ಲಿ. ಕಾರ್ಮಿಕರು ಧರಣಿ ಕೂತರು. ಅದೇ ಜಿಲ್ಲೆ, ಅದೇ ಚಳಿಗಾಲ. ಆದರೂ ದಲ್ಲಾಳಿಯ ಉದಾಹರಣೆಗೆ ದೇವನಹಳ್ಳಿಯೇ ಬೇಕು.

3. ಉಪಮಾನ

ಹಸುವನ್ನು ಬಲ್ಲವನು ಅದರಂತಿರುವ ಪ್ರಾಣಿಯನ್ನು ಕಾಡಿನಲ್ಲಿ ಕಂಡು ಇದೇ ಗವಯ ಎಂದು ತಿಳಿಯುತ್ತಾನೆ. ಬೆಂಗಳೂರಿನಿಂದ ಬಂದವನು ಬಲ್ಲ ರಾಗಿಗುಡ್ಡ ಜಯನಗರದ್ದು: ಅಲ್ಲಿ ಆಂಜನೇಯ ಮೊದಲಿನಿಂದ ಇದ್ದಾನೆ, 2025ರ ಆಗಸ್ಟ್‌ನಿಂದ ಹಳದಿ ಮಾರ್ಗದ ಮೆಟ್ರೊ ಕೂಡ ನಿಲ್ಲುತ್ತದೆ. ಆ ದರವನ್ನು ತಲೆಯಲ್ಲಿಟ್ಟುಕೊಂಡು ಈ ರಾಗಿಗುಡ್ಡದಲ್ಲಿ ನಿಂತು "ಬರೀ ಇಷ್ಟೇನಾ?" ಎಂದು ಉದ್ಗರಿಸುತ್ತಾನೆ. ಮಾತು ಮಾಲೀಕನ ಕಿವಿಗೆ ಬಿದ್ದ ಕ್ಷಣವೇ ದರ ಬದಲಾಗುತ್ತದೆ. ತಿಳಿಯುವ ಕ್ರಿಯೆಯಿಂದಲೇ ತಿಳಿಯಬೇಕಾದ ವಸ್ತು ದುಬಾರಿಯಾಗುವ ಇಂಥ ಪ್ರಕರಣ ದರ್ಶನಗ್ರಂಥಗಳಲ್ಲಿ ಸಿಗದು.

4. ಶಬ್ದ

ವಸ್ತುವನ್ನು ಬಲ್ಲವನು, ಬಲ್ಲದ್ದನ್ನೇ ಹೇಳುವವನು, ಮೋಸದ ಆಸೆಯಿಲ್ಲದವನು ಆಪ್ತ. ಅವನ ಮಾತು ಪ್ರಮಾಣ. "ಬಸ್‌ಸ್ಟ್ಯಾಂಡ್ ಐದೇ ನಿಮಿಷ ಸಾರ್" ಎಂಬುದು ಈ ಲಕ್ಷಣಕ್ಕೆ ಹೊರಗು. ಮಾತಿನ ಬೆಲೆ ಶೇ. 2 ಕಮಿಷನ್ ಎಂದಾದಾಗ ಆಪ್ತತ್ವ ಅಷ್ಟರಮಟ್ಟಿಗೆ ಕಡಿತವಾಗುತ್ತದೆ.

ಹಾಗಾದರೆ ಆಪ್ತರು ಯಾರು? ಬಡಾವಣೆಗೆ ನೀರು ಬಿಡುವ ವಾಲ್ವ್‌ಮ್ಯಾನ್ ಒಬ್ಬ. ಯಾವ ಬೀದಿಯ ಕೊನೆಗೆ ನೀರು ಏರುವುದಿಲ್ಲವೆಂದು ಅವನಿಗೆ ಗೊತ್ತು. ಲೈನ್‌ಮ್ಯಾನ್ ಇನ್ನೊಬ್ಬ. ಮೂರನೆಯವರು ಎದುರುಮನೆಯ ಅಜ್ಜಿ. ಹಳೆಯ ಮಾಲೀಕ ಯಾಕೆ ಮಾರುತ್ತಿದ್ದಾನೆ ಎಂಬ, ಯಾವ ಕಚೇರಿಯ ದಾಖಲೆಯಲ್ಲೂ ಇರದ ಸಂಗತಿ ಅವರ ಬಳಿ ಮೂಲಪ್ರತಿಯಲ್ಲೇ ಇರುತ್ತದೆ.

5. ಅರ್ಥಾಪತ್ತಿ

ದೇವದತ್ತ ಹಗಲು ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ. ಆದ್ದರಿಂದ ರಾತ್ರಿ ಉಣ್ಣುತ್ತಾನೆ. ಕ್ರಯಪತ್ರದಲ್ಲಿ ಬರೆದ ಮೊತ್ತ ಸಪೂರ, ಮಾರಿದವನು ದಪ್ಪ: ತಾತ್ಪರ್ಯ ಸ್ಪಷ್ಟ. 20,000 ರೂಪಾಯಿ ಮುಟ್ಟಿದ ನಗದು ಅಡ್ವಾನ್ಸನ್ನು ಆದಾಯ ತೆರಿಗೆಯ ಕಾನೂನು ಒಪ್ಪುವುದಿಲ್ಲ. ದೇವದತ್ತನ ರಾತ್ರಿಯೂಟ ಕೊಂಡವನ ಹೊಟ್ಟೆಯನ್ನೂ ಕೆಡಿಸಬಲ್ಲದು. ಇದೇ ಪ್ರಮಾಣದಿಂದ, ಪಕ್ಕದ ಮನೆಯ ಸಂಪು ಮನೆಗಿಂತ ದೊಡ್ಡದಾಗಿದ್ದರೆ ನಲ್ಲಿಯ ಚರಿತ್ರೆಯನ್ನು ಊಹಿಸಿಕೊಳ್ಳಬೇಕು.

6. ಅನುಪಲಬ್ಧಿ

ಮೇಜಿನ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಇದಕ್ಕೆ ಫಾರಂ 16 ಎನ್ನುತ್ತಾರೆ. ಋಣಭಾರ ಇಲ್ಲವೆಂಬ ಇಸಿ. ಅದನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚುವ ಮೊದಲು ಮೀಮಾಂಸಕರ ಎಚ್ಚರಿಕೆ ಓದಿ: ಕಾಣಲು ಯೋಗ್ಯವಾದದ್ದು ಕಾಣದಿದ್ದರೆ ಮಾತ್ರ ಅದು ಇಲ್ಲವೆಂದರ್ಥ. ಕತ್ತಲಲ್ಲಿ ಗಡಿಗೆ ಕಾಣದಿದ್ದರೆ ಏನೂ ಸಿದ್ಧವಾಗದು. ಇಸಿಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ನೋಂದಣಿಯಾಗದ ಉಯಿಲು, ಬಾಯಿಮಾತಿನ ಪಾಲು, 2005ರ ತಿದ್ದುಪಡಿಯಿಂದ ಸಮಪಾಲಿನ ಹಕ್ಕು ಪಡೆದರೂ ಸಹಿಗೆ ಕರೆಯದೆ ಬಿಟ್ಟ ಹೆಣ್ಣುಮಕ್ಕಳು, ಇವರೆಲ್ಲ ಕತ್ತಲಲ್ಲಿ ಕೂತ ಗಡಿಗೆಗಳು. 1978ರ ಪಿಟಿಸಿಎಲ್ ಕಾಯ್ದೆ ಇನ್ನೊಂದು: ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಮಾರುವಂತಿಲ್ಲ, 2023ರ ತಿದ್ದುಪಡಿಯ ಬಳಿಕ ಅದನ್ನು ಮರಳಿ ಕೇಳಲು ಕಾಲಮಿತಿಯೂ ಇಲ್ಲ. ಜಿಪಿಎ ತೋರಿಸಿ ಮಾರುವವರಿಗೆ ಸುಪ್ರೀಂ ಕೋರ್ಟು 2011ರಲ್ಲೇ ಉತ್ತರ ಹೇಳಿದೆ: ಬರೀ ಅದರಿಂದ ಒಡೆತನ ಕೈ ಬದಲಾಗದು.

ಇಲ್ಲಿ ಬಿ ಖಾತೆಯ ಸ್ವರೂಪ ವಿಚಾರಣೀಯ. ತೆರಿಗೆ ಕಟ್ಟಿಸಿಕೊಳ್ಳುವುದರಿಂದ ಅದು ಅಸತ್ ಅಲ್ಲ. ಬಹುತೇಕ ಬ್ಯಾಂಕುಗಳು ಸಾಲ ಕೊಡದಿರುವುದರಿಂದ ಸತ್ ಅಲ್ಲ. ಎರಡೂ ಅಲ್ಲದ್ದನ್ನು ಅದ್ವೈತಿಗಳು ಅನಿರ್ವಚನೀಯ ಅಂದರು, ಪಾಲಿಕೆಯವರು ಬಿ ಅಂದರು.

ಪ್ರತಿದೃಷ್ಟಾಂತ

ಕಾಗದವೇ ಪರಮವೆನ್ನುವವರಿಗೆ ಇದೇ ಜಿಲ್ಲೆಯಲ್ಲಿ ಎದುರುತ್ತರವಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ನಿಂತಾಗ ಸಾಗರ, ಹೊಸನಗರ ಸೀಮೆಯ ಸಾವಿರಾರು ಕುಟುಂಬಗಳು ಗಂಟುಮೂಟೆ ಕಟ್ಟಿದವು. ಊರು ಬದಲಿಸುವುದು ಅವರಿಗೆ ವರ್ಗಾವಣೆ ಆದೇಶವಾಗಿ ಬರಲಿಲ್ಲ, ಹಿನ್ನೀರಾಗಿ ಬಂತು. ಸರ್ಕಾರ ತೋರಿಸಿದ ಕಾಡಂಚಿನಲ್ಲಿ ಮನೆ ಕಟ್ಟಿದರು, ತೋಟ ಎಬ್ಬಿಸಿದರು. ಆರು ದಶಕದ ಮೇಲೂ ಅವರಲ್ಲಿ ಅನೇಕರ ಕೈಗೆ ಹಕ್ಕುಪತ್ರ ಬಂದಿಲ್ಲ. ಅಲ್ಲಿ ವಾಸವಿದೆ, ಕಾಗದವಿಲ್ಲ. ನಮ್ಮ ಅಧಿಕಾರಿಯ ಫೈಲಿನಲ್ಲಿ ತಾಯಿಪತ್ರದಿಂದ ಇ-ಖಾತೆಯವರೆಗೆ ಎಲ್ಲವೂ ಇದೆ. ಆದರೆ ಆ ಸೈಟಿನ ನೆಲದಲ್ಲಿ ಅವನು ಒಂದು ರಾತ್ರಿಯೂ ಮಲಗಿದ್ದಿಲ್ಲ.

ಸಿದ್ಧಾಂತ

ಆರು ಪ್ರಮಾಣಗಳಲ್ಲಿ ಹೊಸಬನ ಸ್ವಂತದ್ದು ಒಂದೂ ಇಲ್ಲ. ಕಣ್ಣು ಭಾಮೈದನದು, ತರ್ಕ ದಲ್ಲಾಳಿಯದು, ಹೋಲಿಕೆ ಬೆಂಗಳೂರಿನದು, ಇಸಿ ಸರ್ಕಾರದ್ದು. ಆದ್ದರಿಂದ ಏಳನೆಯದೊಂದು ಬೇಕು: ವಾಸಪ್ರಮಾಣ. ಕೊಳ್ಳಬೇಕೆಂದಿರುವ ಬೀದಿಯಲ್ಲೇ ಒಂದು ಮಳೆಗಾಲ ಬಾಡಿಗೆಗೆ ಇರುವುದು.

ಪೂರ್ವಪಕ್ಷ: ಬಾಡಿಗೆ ದಂಡ, ಅಷ್ಟರಲ್ಲಿ ಬೆಲೆ ಏರಿದರೆ? ಸಮಾಧಾನ: ಏರಲಿ. ಲಾಯರಿಗೆ ಫೀಸು ಕೊಟ್ಟು ಕಾಗದ ಓದಿಸುವವನು ಮಳೆಗೆ ನಾಲ್ಕು ತಿಂಗಳ ಬಾಡಿಗೆ ಕೊಟ್ಟು ನೆಲ ಓದಿಸಲು ಯಾಕೆ ಹಿಂಜರಿಯಬೇಕು?

ದೋಷ ಒಂದೇ. ಒಂದು ಮಳೆಗಾಲ ಕಳೆದವನು ಊರಿನವನಾಗಿಬಿಡುತ್ತಾನೆ, ವಾಲ್ವ್‌ಮ್ಯಾನ್ ಅವನಿಗೆ "ಏನ್ ಸಾರ್" ಅನ್ನುತ್ತಾನೆ, ಮುಂದಿನ ಭಾನುವಾರ ಅವನೇ ತನ್ನ ಷಡ್ಡಕನನ್ನು ಕರೆತಂದು ಗಾಳಿ ತೋರಿಸುತ್ತಾನೆ.

ಫಲಶ್ರುತಿ

ಇದನ್ನು ಸೈಟಿನಲ್ಲಿ ನಿಂತು ಓದಿದವರಿಗೆ ಮಾಲೀಕ ಬೆಲೆ ಇಳಿಸುವನು. ಬ್ಯಾಂಕಿನಲ್ಲಿ ಓದಿದವರಿಗೆ ಮ್ಯಾನೇಜರು ಕುರ್ಚಿ ತೋರಿಸುವನು. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಓದಿದವರಿಗೆ ಓದಿ ಮುಗಿಯುವ ತನಕ ಸರ್ವರ್ ಡೌನ್ ಇರುವುದು.