ಹತ್ತು ತಿಂಗಳ ಅಡ್ವಾನ್ಸು

(ಮಂಡ್ಯದ ಟೀ ಅಂಗಡಿ. ಮನೆ ಬ್ರೋಕರ್ ನಿಂಗಣ್ಣ. ಕಂಕುಳಲ್ಲಿ ಮಗು ಎತ್ತಿಕೊಂಡ ಗೌರಿ.)

ನಿಂಗಣ್ಣ: ಬಾಡಿಗೆ 6,000, ಅಡ್ವಾನ್ಸು 60,000 ಕನವ್ವ.

ಗೌರಿ: ಹತ್ತು ತಿಂಗಳದ್ದಾ? ಅದು ಬೆಂಗಳೂರು ರೂಲಲ್ವಾ ಅಣ್ಣ?

ನಿಂಗಣ್ಣ: 2023ರಲ್ಲಿ ಹೊಸ ಹೆದ್ದಾರಿ ಆದ್ಮೇಲೆ ನಾವೂ ಬೆಂಗಳೂರಿಗೆ ಹತ್ರ!

ಗೌರಿ: ಆ ರೋಡು ಮಂಡ್ಯ, ಮದ್ದೂರು ಎರಡನ್ನೂ ಬುಟ್ಟು ಪಕ್ಕದಲ್ಲೇ ಹೋಯ್ತದೆ. ಅಡ್ವಾನ್ಸು ಮಾತ್ರ ಹೆಂಗಣ್ಣ ಊರೊಳಕ್ಕೆ ಇಳೀತು?

ನಿಂಗಣ್ಣ: ಅದಿರ್ಲಿ, ಯಜಮಾನ್ರು?

ಗೌರಿ: ಯಜಮಾನಿ ನಾನೇ. ಗೃಹಲಕ್ಷ್ಮಿ 2,000 ಕೊಡೋವಾಗ ಸರ್ಕಾರಾನೇ ಒಪ್ಕಂಡೈತೆ.

ನಿಂಗಣ್ಣ: ಓನರ್ ಒಪ್ಪಬೇಕಲ್ಲ! ಮನೇಲಿ ಒಬ್ಬ ಗಂಡಸು ಬೇಕಂತೆ.

ಗೌರಿ: ಇವ್ನೇ ಅವ್ನಲ್ಲ, ಒಂದೂವರೆ ವರ್ಷ. ಹೆಬ್ಬೆಟ್ಟು ಒತ್ತಿಸ್ಲಾ?

ನಿಂಗಣ್ಣ: ಮಗು ಗೋಡೆ ಗೀಚ್ತದೆ. ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡ್ಕತ್ತಾರೆ.

ಗೌರಿ: ಗೀಚದೇ ಇದ್ರೆ?

ನಿಂಗಣ್ಣ: ಆಗ್ಲೂ ಹಿಡ್ಕತ್ತಾರೆ.

ಗೌರಿ: ಹಂಗಾದ್ರೆ ಈಗ್ಲೇ ಬಳಪ ಕೊಡಿಸ್ತೀನಿ. ಅಣ್ಣ, ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೇಲಿ ಎರಡೇ ತಿಂಗಳ ಅಡ್ವಾನ್ಸು ಅಂತೈತಂತೆ?

ನಿಂಗಣ್ಣ: ಅದು ಮಾದರಿ ಕನವ್ವ. ಶೋಕೇಸ್ ಬೊಂಬೆಗೆ ಉಡಿಸಿದ ಸೀರೆ. ಸುಮ್ನೆ ಸಂಘದಲ್ಲಿ ಸಾಲ ಎತ್ತು.

ಗೌರಿ: ಸಂಘದೋರು ಮೊದ್ಲು ಮನೆ ತೋರ್ಸು ಅಂತಾರೆ, ಮನೆಯೋರು ಮೊದ್ಲು ದುಡ್ಡು ತೋರ್ಸು ಅಂತಾರೆ.

ನಿಂಗಣ್ಣ: ಮಳವಳ್ಳೀಲಿ ಕಮ್ಮಿಗೆ ಸಿಕ್ಕೀತು, ಹೋಗಿ ನೋಡು.

ಗೌರಿ: ಅದಕ್ಕೇನಂತೆ, ಬಸ್ಸು ಪುಕ್ಕಟೆ. ಗೃಹಲಕ್ಷ್ಮಿ ಐತೆ, ಗೃಹಜ್ಯೋತಿ ಐತೆ. ಗೃಹ ಒಂದು ಸಿಕ್ಬುಟ್ರೆ ಹಾಲುಕ್ಕಿಸೋದೇ!

ನಿಂಗಣ್ಣ: ಸರಿ, ನನ್ ಕಮಿಷನ್ನು?

ಗೌರಿ: ಯಾವ ಮನೇದಣ್ಣ?

ನಿಂಗಣ್ಣ: ಮನೆ ಇಲ್ಲ ಅಂತ ಇಷ್ಟೊತ್ತು ಹೇಳಿದ್ದಕ್ಕೆ!