ಸ್ಥಳಾಭಾವದಿಂದ

ಮೂರು ಸಾಲಿನ ಹನಿಗವನವನ್ನು ‘ಸ್ಥಳಾಭಾವದಿಂದ ಪ್ರಕಟಿಸಲಾಗುತ್ತಿಲ್ಲ’ ಎಂದು ಬರೆದು ಹಿಂದಕ್ಕೆ ಕಳಿಸಬೇಕಾದರೆ ಸಂಪಾದಕರಿಗೆ ಎದೆಗಾರಿಕೆ ಬೇಕು. ಖಂಡಕಾವ್ಯಕ್ಕೆ ಆ ಮಾತು ಹೇಳಿದರೆ ಒಪ್ಪಬಹುದು. ಹತ್ತು ಹನ್ನೆರಡು ಪದ, ಎರಡು ಬೆರಳಗಲದ ಜಾಗ. ಅಷ್ಟೂ ಇಲ್ಲವೆಂದರೆ ಪತ್ರಿಕೆಯನ್ನು ಬಸ್ ಟಿಕೀಟಿನ ಮೇಲೆ ಅಚ್ಚು ಹಾಕಿಸುತ್ತೀರಾ ಎಂದು ಯಾರಾದರೂ ಕೇಳಿಯಾರು. ಆದರೆ ಒಂದು ಕಾವ್ಯ ಪತ್ರಿಕೆ ಮನೆಯ ಜಗಲಿಯ ಮೇಲೆ ತಯಾರಾಗುವುದನ್ನು ಹತ್ತಿರದಿಂದ ಕಂಡವರು ಹಾಗೆ ಕೇಳುವುದಿಲ್ಲ. ಸಂಪಾದಕರ ಕಾಗದಗಳಲ್ಲಿ ನೂರು ಸುಳ್ಳಿದ್ದರೂ ಈ ಒಂದು ಮಾತು ಮಾತ್ರ ಅಪ್ಪಟ ನಿಜ.

ನಮ್ಮೂರಿನ ಮಾಸ್ತರೊಬ್ಬರು ಕವಿತೆಗೆಂದೇ ಒಂದು ತ್ರೈಮಾಸಿಕ ನಡೆಸುತ್ತಾರೆ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಪಿಂಚಣಿ ತಿಂಗಳಿಗೊಮ್ಮೆ ಬರುತ್ತದೆ, ಮೂರು ತಿಂಗಳಿಗೊಮ್ಮೆ ಒಟ್ಟಿಗೇ ಹೋಗುತ್ತದೆ. ಕಾಗದದ ಬೆಲೆ ಏರಿದ ವರ್ಷ ಎರಡು ಸಂಚಿಕೆ ಸೇರಿ ಒಂದೇ ಆಗಿ, ಮುಖಪುಟದಲ್ಲಿ ‘ಜಂಟಿ ಸಂಚಿಕೆ’ ಎಂದು ದಪ್ಪಕ್ಷರದಲ್ಲಿ ಬರುತ್ತದೆ, ಅದೇನೋ ವಿಶೇಷಾಂಕವೆಂಬಂತೆ. ನಡುವೆ ಎರಡು ಪಿನ್ನು ಹೊಡೆದು ಮಡಚುವ ಇಂಥ ಪತ್ರಿಕೆಯಲ್ಲಿ ಪುಟಗಳು ಒಂದೊಂದಾಗಿ ಏರುವುದಿಲ್ಲ, ನಾಲ್ಕು ನಾಲ್ಕಾಗಿ ಏರಬೇಕು. 32 ಪುಟಕ್ಕೆ ನಾಲ್ಕು ಸಾಲು ಹೆಚ್ಚಾಯಿತೋ, 36 ಪುಟಕ್ಕೆ ದುಡ್ಡು ಎಣಿಸಬೇಕು. ಹಾಗಾಗಿ ಮಾಸ್ತರು ಮೊದಲು ವಿಮರ್ಶೆ, ಅನುವಾದ, ಸಂದರ್ಶನಗಳನ್ನು ಕೂರಿಸುತ್ತಾರೆ. ಆಮೇಲೆ ನೀಳ್ಗವನಗಳು. ಎಲ್ಲ ಮುಗಿದ ಮೇಲೆ ಪುಟಗಳನ್ನು ಹರಡಿಕೊಂಡು, ಕನ್ನಡಕ ಹಣೆಗೇರಿಸಿ, ಎಲ್ಲೆಲ್ಲಿ ಬಿಳಿ ಉಳಿದಿದೆ ಎಂದು ಹುಡುಕುತ್ತಾರೆ. ಆ ಬಿಳಿಯೇ ಹನಿಗವನ ಬರೆಯುವ ನಮ್ಮ ಆಸ್ತಿ. ವಿಮರ್ಶಕರು ಪುಟದ ಮುಕ್ಕಾಲಿಗೆ ಉಸಿರು ಬಿಟ್ಟರೆ ಅಲ್ಲೊಂದು ಹನಿಗವನ. ಅವರು ಉಮೇದಿನಲ್ಲಿ ಇನ್ನೊಂದು ಪ್ಯಾರಾ ಎಳೆದರೋ, ನಮ್ಮ ಪದ್ಯ ಮುಂದಿನ ಸಂಚಿಕೆಗೆ, ಇಲ್ಲವೇ ಮುಂದಿನ ಜನ್ಮಕ್ಕೆ.

ಒಮ್ಮೆ ಮಾಸ್ತರ ಫೋನು ಬಂತು. “ನಿಮ್ಮದು ನಾಲ್ಕು ಸಾಲಿದೆ ಮಾರಾಯ್ರೆ, ಮೂರು ಮಾಡಿ ಕೊಡ್ತೀರಾ? ಕೆಳಗೆ ಅಡಿಕೆ ಸೊಸೈಟಿ ಜಾಹೀರಾತು ಬಂದು ಕೂತಿದೆ.” ಎರಡನೆಯ ಸಾಲು ತೆಗೆದೆ. ಪದ್ಯಕ್ಕೆ ಏನೂ ಆಗಲಿಲ್ಲ. ಆ ಸಾಲು ಅಲ್ಲಿ ಏನು ಮಾಡುತ್ತಿತ್ತೆಂದು ಈಗ ನನಗೇ ನೆನಪಾಗುವುದಿಲ್ಲ. ಅಡಿಕೆ ಸೊಸೈಟಿಗಿಂತ ಖಡಕ್ ವಿಮರ್ಶಕರು ನನಗೆ ಇನ್ನೂ ಸಿಕ್ಕಿಲ್ಲ.

ಈ ತಾಪತ್ರಯಕ್ಕೆ ಸರಿಯಾದ ಮದ್ದು ಕಂಡುಕೊಂಡವರೆಂದರೆ ನಮ್ಮ ಜಿಲ್ಲೆಯವರೇ ಆದ ದಿನಕರ ದೇಸಾಯಿ. ಚೌಪದಿ ಬರೆದವರೂ ಅವರೇ, ಅದು ಅಚ್ಚಾಗುತ್ತಿದ್ದ ‘ಜನಸೇವಕ’ ವಾರಪತ್ರಿಕೆಯೂ ಅವರದೇ. ಹಿಂತಿರುಗಿಸುವವರು ಯಾರು? 1967ರಲ್ಲಿ ಜಿಲ್ಲೆಯ ಜನ ಅವರನ್ನು ಲೋಕಸಭೆಗೂ ಕಳಿಸಿದರು. ಗೆದ್ದದ್ದು ರೈತರ ಹೋರಾಟ ಮಾಡಿದ್ದಕ್ಕೆ, ಶಾಲೆ ಕಟ್ಟಿದ್ದಕ್ಕೆ, ಚುಟುಕ ಬರೆದದ್ದಕ್ಕಲ್ಲ ಎಂದು ಬಲ್ಲವರು ಹೇಳುತ್ತಾರೆ. ಚುಟುಕ ಬರೆಯುವ ನಾವು ಅದನ್ನು ಕೇಳಿಸಿಕೊಳ್ಳುವುದಿಲ್ಲ. ಲಂಕೇಶರೂ ಅಷ್ಟೇ. 1980ರಲ್ಲಿ ತಮ್ಮದೇ ಪತ್ರಿಕೆ ಹೊರಡಿಸಿ, ಅದರಲ್ಲಿ ‘ನೀಲು’ ಎಂಬ ಹೆಸರಿಟ್ಟುಕೊಂಡು ಪುಟ್ಟ ಪುಟ್ಟ ಪದ್ಯ ಬರೆದರು. ಇಡೀ ರಾಜಕೀಯ ಬಿಟ್ಟು ಮೊದಲು ನೀಲುವನ್ನು ಹುಡುಕುತ್ತಿದ್ದವರನ್ನು ನಾನು ಬಲ್ಲೆ. ಅದಕ್ಕೂ ಮೊದಲು, 1964ರಲ್ಲಿ, ಧಾರವಾಡದಲ್ಲಿ ಚಂದ್ರಶೇಖರ ಪಾಟೀಲ, ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಸೇರಿ ‘ಸಂಕ್ರಮಣ’ ತೆಗೆದರು. ಮುಂದೆ ಪಾಟೀಲರು, ಅಂದರೆ ಚಂಪಾ, ಒಬ್ಬರೇ ಅದನ್ನು ದಶಕಗಟ್ಟಲೆ ಎಳೆದರು. ಕವಿಯೇ ಸಂಪಾದಕನಾದರೆ ಸ್ಥಳಾಭಾವ ತೀರುತ್ತದೆ. ಧನಾಭಾವ ಶುರುವಾಗುತ್ತದೆ.

ಪತ್ರಿಕೆ ತೆಗೆಯುವ ತಾಕತ್ತಿಲ್ಲದವರು ಕಳಿಸಬೇಕು. ಕಳಿಸುವ ಶಾಸ್ತ್ರವೂ ಸಣ್ಣದಲ್ಲ. ಹಿಂದೆ ಸ್ವವಿಳಾಸ ಬರೆದು ಸ್ಟಾಂಪು ಹಚ್ಚಿದ ಲಕೋಟೆ ಇಡಬೇಕಿತ್ತು. ಅಂದರೆ ನಮ್ಮ ತಿರಸ್ಕಾರದ ಖರ್ಚನ್ನು ನಾವೇ ಮುಂಗಡವಾಗಿ ಭರಿಸುತ್ತಿದ್ದೆವು. ಈಗ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿ ಎಂದು ಒಬ್ಬರು, ಯೂನಿಕೋಡೇ ಬೇಕೆಂದು ಇನ್ನೊಬ್ಬರು. ಅಲ್ಲಿಂದಿಲ್ಲಿಗೆ ಬದಲಾಯಿಸುವಾಗ ಅರ್ಕಾವತ್ತು ಹಾರಿಹೋಗಿ ಸೂರ್ಯನೇ ಮುಳುಗಿದ ಪದ್ಯಗಳಿವೆ. ಇನ್ನು ಡಿಟಿಪಿ ಹುಡುಗ ಜಾಗ ಉಳಿಸಲೆಂದು ಮೂರು ಸಾಲನ್ನೂ ಒಂದಕ್ಕೊಂದು ಅಂಟಿಸಿದರೆ, ಹನಿಗವನ ಒಂದು ವಾಕ್ಯವಾಗಿ ‘ನಿಮಗಿದು ಗೊತ್ತೇ?’ ಅಂಕಣದ ಹಾಗೆ ಕಾಣುತ್ತದೆ. ಇಷ್ಟಾಗಿ ಮುಚ್ಚಳಿಕೆ ಬೇರೆ ಬೇಕು: ಇದು ನನ್ನ ಸ್ವಂತ ರಚನೆ, ಬೇರೆಲ್ಲೂ ಪ್ರಕಟವಾಗಿಲ್ಲ, ಎಲ್ಲಿಂದಲೂ ಕದ್ದಿಲ್ಲ. ಹತ್ತು ಪದಕ್ಕೆ ಇಪ್ಪತ್ತು ಪದದ ಮುಚ್ಚಳಿಕೆ.

ಅದಕ್ಕಿಂತ ಉದ್ದದ್ದು ಕವಿ ಪರಿಚಯ. ಮಾಸ್ತರ ಕಡತದಲ್ಲಿ ನಾನೇ ನೋಡಿದ್ದೇನೆ. ಪದ್ಯ ಮೂರು ಸಾಲು, ಪರಿಚಯ ಒಂದೂವರೆ ಪುಟ. ಅದರಲ್ಲಿ ಓದಿದ ಶಾಲೆ, ಬಂದ ಬಿರುದು, ಭಾಗವಹಿಸಿದ ಕವಿಗೋಷ್ಠಿ, ಶಾಲು ಹೊದ್ದ ಭಾವಚಿತ್ರ. ಮಾಸ್ತರು ನಿಟ್ಟುಸಿರಿಟ್ಟು, “ಇವರು ಪರಿಚಯಕ್ಕೆ ಪಟ್ಟ ಕಷ್ಟದಲ್ಲಿ ಕಾಲು ಭಾಗ ಪದ್ಯಕ್ಕೆ ಪಟ್ಟಿದ್ರೆ...” ಎಂದು ಮಾತು ನುಂಗಿದರು. ವಸ್ತುವಿನ ವಿಷಯದಲ್ಲೂ ಅವರಿಗೆ ಬೇಸರವಿದೆ. ಹೆಂಡತಿಯ ಲಟ್ಟಣಿಗೆ, ರಾಜಕಾರಣಿಯ ಕುರ್ಚಿ, ಮೊಬೈಲಿನೊಳಗೆ ಕಳೆದುಹೋದ ಮನುಷ್ಯ, ಇವಿಷ್ಟರ ಮೇಲೆ ಬಂದದ್ದಕ್ಕೆ ಒಂದು ಕಟ್ಟು. ‘ಚಂದ’ಕ್ಕೂ ‘ಚಂದಾ’ಕ್ಕೂ ಗಂಟು ಹಾಕಿ ಶ್ಲೇಷೆ ಮಾಡಿದವುಗಳಿಗೇ ಪ್ರತ್ಯೇಕ ಕಟ್ಟು. ಪ್ರತಿಯೊಬ್ಬ ಕವಿಯೂ ಅದು ತನಗೇ ಮೊದಲು ಹೊಳೆದದ್ದೆಂದು ನಂಬಿದ್ದಾನೆ. ಡುಂಡಿರಾಜರು ಬ್ಯಾಂಕಿನ ಕೆಲಸ ಮಾಡುತ್ತಲೇ ಪದಗಳ ಜೊತೆ ಆಟವಾಡಿ ನಾಡನ್ನು ನಗಿಸಿದರು. ಆಮೇಲೆ ನಾವೆಲ್ಲ ಆಟ ಕಲಿತೆವು, ನಗಿಸುವುದನ್ನು ಕಲಿಯಲಿಲ್ಲ.

ಹಾಗಾದರೆ ಇದನ್ನೆಲ್ಲ ಓದುವವರು ಯಾರು? ಕವಿಗಳು ಓದುತ್ತಾರೆ ಎಂದರೆ ಅರ್ಧಸತ್ಯ. ಸಂಚಿಕೆ ಬಂದ ಕೂಡಲೇ ರ‍್ಯಾಪರ್ ಹರಿದು ಪರಿವಿಡಿ ನೋಡುತ್ತೇವೆ. ನಮ್ಮ ಹೆಸರಿದೆಯೇ? ಇದ್ದರೆ ಇನಿಷಿಯಲ್ಲು ಸರಿಯಿದೆಯೇ? ಆ ಪುಟ ತೆರೆದು ನಮ್ಮದನ್ನು ನಾವೇ, ಬೇರೆ ಯಾರೋ ಬರೆದದ್ದೆಂಬಂತೆ ಮೆಚ್ಚಿ ಓದುತ್ತೇವೆ. ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕುತ್ತೇವೆ. ಎದುರು ಪುಟದಲ್ಲಿ ಯಾರಿದ್ದಾರೆಂದು ಕಣ್ಣು ಹಾಯಿಸಿ, ‘ಇದನ್ನೂ ಹಾಕಿದ್ದಾರಾ’ ಎಂದುಕೊಂಡು ಮುಚ್ಚಿಡುತ್ತೇವೆ.

ಮುಚ್ಚಿಡುವ ಮೊದಲು ಒಂದೆರಡು ಪುಟ ಮಗುಚಿದರೆ ಲಾಭವುಂಟು. ಮಾಸ್ತರ ಪತ್ರಿಕೆಯ ಒಂದು ಸಂಚಿಕೆಯಲ್ಲಿ, ಮಹಾಕಾವ್ಯದ ಮೇಲಿನ ಭಾರೀ ಲೇಖನವೊಂದರ ಬುಡದಲ್ಲಿ, ಪಿಯುಸಿ ಓದುವ ಹುಡುಗಿಯೊಬ್ಬಳ ನಾಲ್ಕು ಸಾಲಿದ್ದವು. ಅಮ್ಮನ ಬಳೆಗೆ ಸಿಕ್ಕಿಸಿದ ಸೇಫ್ಟಿ ಪಿನ್ನುಗಳ ಮೇಲೆ ಬರೆದದ್ದು. ಮನೆಯಲ್ಲಿ ಯಾರ ಗುಂಡಿ ಕಿತ್ತರೂ ಅಮ್ಮ ಅದರಲ್ಲೊಂದು ತೆಗೆದು ಕೊಡುತ್ತಾಳೆ, ಪಿನ್ನು ಮುಗಿದದ್ದು ಮಾತ್ರ ಯಾರೂ ಕಂಡಿಲ್ಲ. ಅಷ್ಟೇ. ಉಪಮೆಯಿಲ್ಲ, ಪ್ರಾಸವಿಲ್ಲ, ತಾಯಿಯೇ ದೇವರು ಎಂಬ ಘೋಷಣೆಯಿಲ್ಲ. ಪರಿಚಯದ ಜಾಗದಲ್ಲಿ ಹೆಸರು, ತರಗತಿ. ಮೇಲಿನ ಲೇಖನದ ಒಂದು ವಾಕ್ಯವೂ ನನ್ನ ತಲೆಯಲ್ಲಿ ಉಳಿದಿಲ್ಲ. ಲೇಖಕರು ಅರ್ಧ ಪುಟ ಮೊದಲೇ ದಣಿದದ್ದಕ್ಕೆ ಮಾತ್ರ ಕೃತಜ್ಞನಾಗಿದ್ದೇನೆ.

ಮಾಸ್ತರ ಮನೆಯಲ್ಲಿ ಸಂಚಿಕೆ ಕಳಿಸುವ ದಿನ ಮೈದಾ ಅಂಟು ಕಾಯಿಸುತ್ತಾರೆ. ಅಮ್ಮಾವರು ವಿಳಾಸದ ಚೀಟಿ ಹಚ್ಚುತ್ತಾರೆ, ಮೊಮ್ಮಗ ಅಂಟು ತಿನ್ನುತ್ತಾನೆ. ಚೀಟಿಗಳು ಎರಡು ಬಗೆ, ಗೌರವ ಪ್ರತಿಯವು ಮತ್ತು ಚಂದಾದಾರರವು. ಮೊದಲನೆಯ ರಾಶಿ ಮಂಚದ ಎತ್ತರ, ಎರಡನೆಯದು ಮಣೆಯ ಎತ್ತರ. ಕವನ ಕಳಿಸುವವರ ಪಟ್ಟಿ ಮಾತ್ರ ಇವೆರಡನ್ನೂ ಮೀರಿದ್ದು. 2024ರ ಡಿಸೆಂಬರಿನಲ್ಲಿ ಅಂಚೆ ಇಲಾಖೆ ರಿಜಿಸ್ಟರ್ಡ್ ಬುಕ್ ಪೋಸ್ಟ್ ನಿಲ್ಲಿಸಿದ ಮೇಲೆ ಹಳೆಯ ಸಂಚಿಕೆಗಳ ಕಟ್ಟು ಕಳಿಸುವುದೂ ದುಬಾರಿಯಾಗಿದೆ. ಆಜೀವ ಚಂದಾ ಕೊಟ್ಟವರ ಹೆಸರಿನಲ್ಲಿ ಮಾಸ್ತರು ಬೆಳಿಗ್ಗೆ ದೀಪ ಹಚ್ಚುವಾಗ ಒಂದು ನಮಸ್ಕಾರ ಹಾಕುತ್ತಾರೆಂದು ಅಮ್ಮಾವರು ಹೇಳುತ್ತಾರೆ. ಅವರು ದೀರ್ಘಾಯುಗಳಾಗಲಿ ಎಂದೋ, ಸಾಕಷ್ಟು ಬದುಕಿದರು ಎಂದೋ, ಅದನ್ನು ಹೇಳಿಲ್ಲ.

ಹನಿಗವನ ಬರೆಯುವ ಬಂಧುಗಳೇ, ನಿಮ್ಮೂರ ಸುತ್ತಮುತ್ತ ಇಂಥದೊಂದು ಪತ್ರಿಕೆ ಇದ್ದೇ ಇರುತ್ತದೆ. ಮುಂದಿನ ಸಲ ಪದ್ಯದ ಜೊತೆ ಒಂದು ವರ್ಷದ ಚಂದಾ ಕಳಿಸಿ, ಪರಿಚಯ ಬೇಡ. ಪದ್ಯವನ್ನು ತಿದ್ದಿಯಾರು, ಕತ್ತರಿಸಿಯಾರು, ತಿರಸ್ಕರಿಸಿಯಾರು. ಚಂದಾ ಹಣಕ್ಕೆ ಅಂಥ ಯಾವ ಭಯವೂ ಇಲ್ಲ.