ಊರಿಗಾಂನಲ್ಲಿ ದೆವ್ವಕ್ಕೆ ಟಿಕೆಟ್

ನಮ್ಮ ಕಾಲದಲ್ಲಿ ದೆವ್ವ ಬಿಡಿಸುವುದಕ್ಕೆ ದುಡ್ಡು ಕೊಡುತ್ತಿದ್ದರು. ಈಗ ನೋಡುವುದಕ್ಕೆ ಕೊಡುತ್ತಾರೆ. ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯಲ್ಲಿ ಬಾಡ್ಮಿನ್ ಜೈಲು ಅಂತ ಒಂದು ಹಳೆಯ ಸೆರೆಮನೆ ಇದೆ. ಒಂದು ಕಾಲಕ್ಕೆ ಅಲ್ಲಿಂದ ಹೊರಗೆ ಬಂದರೆ ಸಾಕು ಅನ್ನುತ್ತಿದ್ದರು. ಈಗ ಕತ್ತಲಾದ ಮೇಲೆ ಒಳಗೆ ಹೋಗುವುದಕ್ಕೆ ಟಿಕೆಟ್ ತೆಗೆಯುತ್ತಾರೆ. ಅಕ್ಟೋಬರ್ 31ರ ಹ್ಯಾಲೋವೀನ್ ಬಂತೆಂದರೆ ಇಂಥ ಹಳೆಯ ಕಟ್ಟಡಗಳಿಗೆಲ್ಲ ಸುಗ್ಗಿ.

ಇದನ್ನೆಲ್ಲ ಕೋಲಾರ ಚಿನ್ನದ ಗಣಿಯ ಊರಿಗಾಂನಲ್ಲಿರುವ ನನಗೆ ತಿಳಿಸಿದವನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಅಕ್ಕನ ಮಗ. ತಿಳಿಸಿ ಸುಮ್ಮನಾಗಲಿಲ್ಲ. "ಮಾಮ, ನಿಮ್ಮ ಊರಿಗಾಂ ತುಂಬ ಬ್ರಿಟಿಷರ ಬಂಗಲೆಗಳಿವೆ, ಅರ್ಧಕ್ಕರ್ಧ ಬಿದ್ದಿವೆ, ಬಾವಲಿಗಳೂ ಇವೆ. ಸೆಟ್ ಹಾಕಿಸೋ ಖರ್ಚೇ ಇಲ್ಲ. ಒಂದು ಹಾಂಟೆಡ್ ಟೂರ್ ಮಾಡಿಬಿಡೋಣ" ಅಂದ. ಗೈಡು ನಾನು ಅಂತಲೂ ಅವನೇ ತೀರ್ಮಾನಿಸಿದ. ರಿಟೈರಾದ ಮೇಷ್ಟರಿಗೆ ಬೇರೆ ಏನು ಕೆಲಸ ಎನ್ನುವುದು ಆ ಮನೆಯವರೆಲ್ಲರ ಒಮ್ಮತದ ಅಭಿಪ್ರಾಯ.

ಹ್ಯಾಲೋವೀನ್ ಸಂಜೆ ಮಾರಿಕುಪ್ಪಂ ರೈಲಿನಿಂದ ಗೆಳೆಯರ ಸಮೇತ ಇಳಿದ. ಎಲ್ಲರೂ ಕಪ್ಪು ಬಟ್ಟೆ. ಒಬ್ಬಳ ಕೈಯಲ್ಲಿ ಕಣ್ಣು ಬಾಯಿ ಕೊರೆದ ಸಿಹಿಗುಂಬಳ. ಪ್ಲಾಟ್‌ಫಾರಮ್ಮಿನಲ್ಲಿ ಕೂತಿದ್ದ ಅಜ್ಜಿಯೊಬ್ಬಳು ಅದನ್ನು ನೋಡಿ, ಯಾರ ಮನೆ ಗೃಹಪ್ರವೇಶ ಅಂತ ತಮಿಳಿನಲ್ಲಿ ವಿಚಾರಿಸಿದಳು. ಕೇಳಿದ್ದರಲ್ಲಿ ತಪ್ಪೇನಿದೆ? ಬೂದುಗುಂಬಳಕ್ಕೆ ಕೋರೆಹಲ್ಲು, ಗಿರಿಜಾ ಮೀಸೆ ಬರೆದು ಹೊಸ ಮನೆಯ ಮುಂದೆ ನೇತುಹಾಕುವ ವಿದ್ಯೆ ನಮ್ಮದು. ಆಯುಧಪೂಜೆಯ ದಿನ ನಡುರಸ್ತೆಯಲ್ಲಿ ಒಡೆದ ಕುಂಬಳಕಾಯಿಯ ಮೇಲೆ ಜಾರಿದ ಸ್ಕೂಟರಿನವರನ್ನು ಕೇಳಿ ನೋಡಿ, ಕುಂಬಳಕಾಯಿಯಿಂದ ಜನರನ್ನು ಹೆದರಿಸುವುದರಲ್ಲಿ ಅಮೆರಿಕ ಇನ್ನೂ ಎಷ್ಟು ಹಿಂದಿದೆ ಅಂತ ಹೇಳುತ್ತಾರೆ. ಬಾಗಿಲಿನ ಮೇಲೆ 'ನಾಳೆ ಬಾ' ಎಂದು ಬರೆದು, ದೆವ್ವವನ್ನೂ ತಾಲ್ಲೂಕು ಕಚೇರಿಯ ಅರ್ಜಿದಾರನ ಹಾಗೆ ಅಲೆದಾಡಿಸಿದ ನಾಡು ಇದು.

ಗೈಡು ಅಂದ ಮೇಲೆ ಚರಿತ್ರೆ ಹೇಳಬೇಕು. ಬಾಡ್ಮಿನ್ ಜೈಲಿನ ಸೀಮೆಗೂ ಊರಿಗಾಂಗೂ ನಂಟಿದೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿಯ ಚಿನ್ನದ ಕೆಲಸಕ್ಕೆ ಕೈಹಾಕಿದ ಮೇಲೆ ಕಾರ್ನ್‌ವಾಲಿನ ಗಣಿ ಕಸುಬುದಾರರು ಬಂದರು. ಅವರ ಹಿಂದೆ ಅವರ ದೆವ್ವಗಳೂ ಹಡಗು ಹತ್ತಿರಬೇಕು. ಕಾರ್ನ್‌ವಾಲಿನ ತವರದ ಗಣಿಗಳಲ್ಲಿ 'ನಾಕರ್'ಗಳೆಂಬ ಕುಳ್ಳ ಭೂತಗಳಿದ್ದು, ಬಂಡೆ ಕುಸಿಯುವ ಮುಂಚೆ ಗೋಡೆ ತಟ್ಟಿ ಎಚ್ಚರಿಸುತ್ತವೆ ಎಂದು ನಂಬುತ್ತಿದ್ದರು. ಆ ಉಪಕಾರಕ್ಕೆ ಬುತ್ತಿಯಲ್ಲಿ ಒಂದು ಚೂರು ಮುರಿದು ಅಲ್ಲಿಯೇ ಇಟ್ಟು ಬರುತ್ತಿದ್ದರಂತೆ. ಅಕ್ಟೋಬರ್ 31ರಂದು ಅವರಿಗೆ ಅಲನ್‌ಟೈಡ್ ಎಂಬ ಹಬ್ಬವೂ ಇತ್ತು. ಮನೆಮಂದಿಗೆಲ್ಲ ದೊಡ್ಡ ಸೇಬು ಹಂಚುವ ಹಬ್ಬ. ಊರಿಗಾಂಗೆ ಬಂದವರು ಸೇಬು ಸಿಗದೆ ಸೀಬೆಕಾಯಿ ಹಂಚಿಕೊಂಡರೋ ಏನೋ.

"ಅಂಕಲ್, ದೆವ್ವ ಯಾವಾಗ ಬರುತ್ತೆ?" ಅಂದಳು ಕುಂಬಳಕಾಯಿಯವಳು.

ಈ ಊರಲ್ಲಿ ದೆವ್ವ ನೆಲೆ ನಿಲ್ಲುವುದು ಕಷ್ಟ ಅಂತ ನನ್ನ ಎಣಿಕೆ. ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು 1902ರಲ್ಲೇ ಈ ಗಣಿಗಳಿಗೆ ಕರೆಂಟು ಕೊಟ್ಟರು. ಕತ್ತಲಿಲ್ಲದ ಊರಿನಲ್ಲಿ ಯಾವ ದೆವ್ವ ತಾನೇ ಬಾಳುವೆ ಮಾಡೀತು? ಎಲ್ಲವೂ ಗಂಟುಮೂಟೆ ಕಟ್ಟಿ ಬೆಂಗಳೂರಿಗೆ ಹೋಗಿರಬೇಕು. ಅಲ್ಲಿ 1905ರಲ್ಲಿ ಬೀದಿದೀಪ ಹತ್ತಿದವು. ಬೆಂಗಳೂರಿಗೆ ಹೋಗಿ ನೆಲೆ ಕಳೆದುಕೊಂಡವರಲ್ಲಿ ಅವೇ ಮೊದಲಿನವು. ಅಳಿದುಳಿದವುಗಳಿಗೂ ಇಲ್ಲಿ ಸ್ವಾತಂತ್ರ್ಯವಿಲ್ಲ. ಐದಾರು ಕಿಲೋಮೀಟರ್ ಆಚೆ ಕಮ್ಮಸಂದ್ರದಲ್ಲಿ ಕೋಟಿಲಿಂಗೇಶ್ವರ ಇದ್ದಾನೆ. ಶಿವನೇ ಭೂತಗಣಗಳ ಯಜಮಾನ. ಅಷ್ಟೊಂದು ಯಜಮಾನರು ಸಾಲಾಗಿ ಕೂತಿರುವಾಗ ಯಾವ ಭೂತ ಕೆಲಸ ಬಿಟ್ಟು ಟೂರಿನವರಿಗೆ ದರ್ಶನ ಕೊಡುತ್ತದೆ?

ಆದರೂ ಹುಡುಗರ ಮನಸ್ಸು ನೋಯಿಸಬಾರದೆಂದು ಒಂದು ಹಳೆಯ ಬಂಗಲೆಗೆ ಕರೆದೊಯ್ದೆ. ಹೆಂಚು ಹಾರಿದ ಮಾಡು, ಕಿಟಕಿಗೆ ಹಬ್ಬಿದ ಬಳ್ಳಿ, ಹಿಂದೆ ಮಸುಕು ಬೆಳಕಲ್ಲಿ ಗಣಿಯ ತ್ಯಾಜ್ಯ ಸುರಿದ ಸೈನೈಡ್ ಗುಡ್ಡ. ಹುಡುಗರು ಖುಷಿಯಾದರು. ಮೊಬೈಲ್ ಟಾರ್ಚ್ ಬಿಟ್ಟುಕೊಂಡು, ಪಿಸುಗುಟ್ಟುತ್ತ, ಗೋಡೆಗಳ ಫೋಟೋ ತೆಗೆಯುತ್ತ ವರಾಂಡ ಹತ್ತಿದರು. ಒಳಗಿನಿಂದ ಹೆಂಗಸೊಬ್ಬಳು ಅಳುವ ಸದ್ದು. ನನ್ನ ಅಳಿಯ ಗಕ್ಕನೆ ನಿಂತ. ಆಮೇಲೆ ಜಾಹೀರಾತು ಬಂತು. ಟಿವಿ ಸೀರಿಯಲ್ಲು.

ಅರ್ಧ ಬಿದ್ದ ಬಂಗಲೆಯ ಬೀಳದ ಅರ್ಧದಲ್ಲಿ ಒಂದು ಸಂಸಾರವಿತ್ತು. ಮನೆಯಾಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಕತ್ತಲಲ್ಲಿ ಟಾರ್ಚು, ಕ್ಯಾಮೆರಾ, ಕಪ್ಪು ಬಟ್ಟೆಯ ಗುಂಪು ನೋಡಿ ಆಕೆಯ ಮುಖ ಬಿಳಿಚಿಕೊಂಡಿತು. "ಸಾರ್, ಪೇಪರೆಲ್ಲ ಕೊಟ್ಟಾಯ್ತಲ್ಲ ಸಾರ್? ಮತ್ತೆ ಯಾಕೆ ಫೋಟೋ?" ಮನೆ ಖಾಲಿ ಮಾಡಿಸುವುದಕ್ಕೆ ಬಂದವರು ಎಂದುಕೊಂಡಿದ್ದಳು. ನಮ್ಮ ಹಾಂಟೆಡ್ ಟೂರಿನಲ್ಲಿ ಅಲ್ಲಿಯವರೆಗೆ ಹೆದರಿದವಳು ಆಕೆಯೊಬ್ಬಳೇ, ಅದೂ ಟಿಕೆಟ್ ಇಲ್ಲದೆ. ದೆವ್ವ ನೋಡುವುದಕ್ಕೆ ಬಂದವರು ಎಂದು ವಿವರಿಸಿದಾಗ ಆಕೆಗೆ ಎಷ್ಟು ಸಮಾಧಾನವಾಯಿತೆಂದರೆ, ಒಳಗೆ ಕರೆದು ಎಲ್ಲರಿಗೂ ಟೀ ಕೊಟ್ಟಳು.

ಆಕೆಯ ಮಾವ ಚಾಂಪಿಯನ್ ರೀಫ್‌ನಲ್ಲಿ ಅಂಡರ್‌ಗ್ರೌಂಡ್ ಕೆಲಸ ಮಾಡಿದವರು. ಭೂಮಿಯೊಳಗೆ 3 ಕಿಲೋಮೀಟರಿಗೂ ಮಿಕ್ಕಿ ಇಳಿದ ಗಣಿ ಅದು. ತಳದಲ್ಲಿ ಬಂಡೆಯ ಕಾವು 60 ಡಿಗ್ರಿಗೂ ಮೇಲೆ. ಪುರಾಣದ ನರಕಕ್ಕೆ ಕೇಜ್ ಇಟ್ಟು ಶಿಫ್ಟ್ ಹಾಕಿದ್ದು ಪ್ರಪಂಚದಲ್ಲಿ ಕೆಲವೇ ಊರುಗಳು. "ಕೆಳಗಡೆ ದೆವ್ವ ಇತ್ತಾ ತಾತ?" ಅಂತ ಹುಡುಗರು ಕೇಳಿದರು.

"ಮೂರು ಶಿಫ್ಟೂ ಜನ. ಅದಕ್ಕೆ ಜಾಗ ಎಲ್ಲಿತ್ತಪ್ಪ?" ಅಂದರು ತಾತ.

ಅವರು ಹೆದರುತ್ತಿದ್ದುದು ರಾಕ್ ಬರ್ಸ್ಟ್‌ಗೆ. ಆಳದಲ್ಲಿ ಒತ್ತಡ ತಡೆಯಲಾರದೆ ಬಂಡೆ ಸಿಡಿಯುತ್ತಿತ್ತು. ಮೇಲೆ ಮನೆಯ ಪಾತ್ರೆಗಳು ಗಲಗಲ ಅಂದರೆ ಹೆಂಗಸರು ಯಾರ ಶಿಫ್ಟು ಅಂತ ಲೆಕ್ಕ ಹಾಕುತ್ತ ಬೀದಿಗೆ ಬರುತ್ತಿದ್ದರು. ತಟ್ಟಿ ಎಚ್ಚರಿಸುವ ನಾಕರ್‌ಗಳು ಕೋಲಾರದವರೆಗೆ ಬರಲಿಲ್ಲ ಅಂತ ಕಾಣುತ್ತದೆ. ಇನ್ನೊಂದು ಭಯ, ಎದೆಯೊಳಗೆ ಸೇರಿಕೊಳ್ಳುವ ಕಲ್ಲಿನ ಧೂಳು. ಮೂರನೆಯದನ್ನು ತಾತ ತಾರೀಖು ಸಮೇತ ಹೇಳಿದರು: 2001ರ ಫೆಬ್ರವರಿ 28, ಗಣಿ ಮುಚ್ಚಿದ ದಿನ.

ಹುಡುಗರ ಮುಖ ಸಪ್ಪಗಾಯಿತು. ಆಗ ನಾನು ನನ್ನ ಬತ್ತಳಿಕೆಯ ಕೊನೆಯ ಬಾಣ ತೆಗೆದೆ. ಊರಿಗಾಂ ಸುತ್ತಮುತ್ತ ಸಾಕ್ಷಿ ಸಮೇತ ಸಿಕ್ಕಿಬಿದ್ದ ದೆವ್ವ ಒಂದಿದೆ. ಹಿಡಿದವರು ಮಂತ್ರವಾದಿಗಳಲ್ಲ, ಭೌತವಿಜ್ಞಾನಿಗಳು. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಅವರನ್ನು ಹೋಮಿ ಭಾಭಾ 1950ರ ದಶಕದ ಆರಂಭದಲ್ಲೇ ಈ ಗಣಿಗಳಿಗೆ ಇಳಿಸಿದ್ದರು. ಆಕಾಶದಿಂದ ಸುರಿಯುವ ವಿಶ್ವಕಿರಣಗಳು ಎಷ್ಟು ಆಳದವರೆಗೆ ಬರುತ್ತವೆ ಅಂತ ಅಳೆಯುವುದು ಕೆಲಸ. ಇಳಿಯುತ್ತ ಇಳಿಯುತ್ತ ಕಣಗಳ ಗದ್ದಲ ಅಡಗುತ್ತ ಹೋಯಿತು. ಅಂಥ ನಿಶ್ಶಬ್ದ ಬೇಕಾಗಿದ್ದುದು ನ್ಯೂಟ್ರಿನೋ ಎಂಬ ಕಣವನ್ನು ಹಿಡಿಯುವುದಕ್ಕೆ. ವಿಜ್ಞಾನಿಗಳೇ ಅದನ್ನು ದೆವ್ವದ ಕಣ ಅನ್ನುತ್ತಾರೆ. ಗೋಡೆ, ಬಂಡೆ, ಇಡೀ ಭೂಮಿಯನ್ನು ಸೋಕದೆ ದಾಟಿಬಿಡುತ್ತದೆ. ನೀವು ಈ ಸಾಲು ಓದುತ್ತಿರುವಾಗ ನಿಮ್ಮ ಹೆಬ್ಬೆರಳಿನ ಉಗುರಿನಲ್ಲೇ ಸೆಕೆಂಡಿಗೆ ಸಾವಿರಾರು ಕೋಟಿ ಹಾದುಹೋಗುತ್ತಿವೆ. 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ, 2 ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಭಾರತ, ಜಪಾನ್, ಬ್ರಿಟನ್ನಿನ ವಿಜ್ಞಾನಿಗಳು ಕಾದು ಕೂತು, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಜಾಡು ಹಿಡಿದರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಒಂದು ಚಿನ್ನದ ಗಣಿಯಲ್ಲೂ ಸಿಕ್ಕವು. ದೆವ್ವಗಳಿಗೆ ನಿಧಿಯ ಮೇಲೆ ಆಸೆ ಅನ್ನುವ ನಮ್ಮ ಅಜ್ಜಿಯರ ಮಾತು ಸುಳ್ಳಲ್ಲ.

"ಇದನ್ನ ರೀಲ್ಸಲ್ಲಿ ಹೇಗೆ ತೋರಿಸೋದು ಅಂಕಲ್? ಕಾಣಿಸೋದೇ ಇಲ್ವಲ್ಲ."

"ಕಾಣಿಸದೇ ಇರೋದನ್ನ ನೋಡೋಕೆ ತಾನೇ ಬಂದದ್ದು?" ಅಂದೆ. ಅಳಿಯನಿಗೆ ನಗು ಬರಲಿಲ್ಲ. ಮುಂದಿನ ಸಲ ಕೆಜಿಎಫ್ ಸಿನಿಮಾದ ನರಾಚಿ ಗಣಿ ತೋರಿಸುತ್ತೇವೆ ಅಂತ ಪ್ರಚಾರ ಮಾಡಿದರೆ ಜನ ಬರುತ್ತಾರೆ ಅಂದ. ಅಂಥ ಗಣಿ ಇಲ್ಲಿ ಇರಲೇ ಇಲ್ಲವಲ್ಲೋ ಎಂದರೆ, ದೆವ್ವ ಇತ್ತಾ ಅಂತ ತಿರುಗಿ ಕೇಳಿದ. ವ್ಯಾಪಾರ ಕಲಿತ ಹುಡುಗ.

ನನ್ನನ್ನು ಕೇಳಿದರೆ, ಹಬ್ಬದ ತಾರೀಖನ್ನೇ ಎರಡು ದಿನ ಮುಂದಕ್ಕೆ ಹಾಕಬೇಕು. ನವೆಂಬರ್ 1 ರಾಜ್ಯೋತ್ಸವ. ಮಾರನೆಯ ದಿನ ಕ್ಯಾಥೊಲಿಕ್ಕರು ಸತ್ತವರನ್ನು ನೆನೆಯುವ ದಿನ. ತಮಿಳಿನಲ್ಲಿ ಕಲ್ಲರೈ ತಿರುನಾಳ್. ಸಮಾಧಿ ತೊಳೆದು, ಹೂವಿಟ್ಟು, ಮೇಣದಬತ್ತಿ ಹಚ್ಚಿ, ಅಪ್ಪನಿಗೆ ಮಗಳ ಮದುವೆ ವಿಷಯ ಹೇಳುವವರು, ತಾತನಿಗೆ ಮೊಮ್ಮಗನ ಮಾರ್ಕ್ಸ್ ತಿಳಿಸುವವರು. ಮಹಾಲಯ ಅಮಾವಾಸ್ಯೆಗೆ ಎಡೆ ಇಡುವ ಮನೆಗಳಲ್ಲೂ ಇದೇ ವರ್ತಮಾನ. ಸತ್ತವರನ್ನು ನೋಡಿ ಕಿರುಚುವ ಪದ್ಧತಿ ಎರಡು ಕಡೆಯೂ ಇಲ್ಲ.

ಇಷ್ಟಾದ ಮೇಲೂ ಬರುತ್ತೇನೆ ಅನ್ನುವವರು ಧಾರಾಳವಾಗಿ ಬನ್ನಿ. ಬಂಗಲೆಯ ಫೋಟೋ ತೆಗೆಯುವ ಮುಂಚೆ ಬಾಗಿಲು ತಟ್ಟಿ, ನಾವು ಸರ್ವೆಯವರಲ್ಲ ಅಂತ ಹೇಳಿ. ಮುಚ್ಚಿದ ಶಾಫ್ಟ್‌ಗಳ ಬೇಲಿ ದಾಟಬೇಡಿ. ಒಳಗೆ ಇರುವುದು ನೀರು. ವಾಪಸು ಹೋಗುವಾಗ ಬಂಗಾರಪೇಟೆಯಲ್ಲಿ ಇಳಿದು ಪಾನಿಪೂರಿ ತಿನ್ನಿ. ಅಲ್ಲಿಯ ಪಾನಿಗೆ ಬಣ್ಣವಿಲ್ಲ, ನಲ್ಲಿ ನೀರಿನಷ್ಟು ತಿಳಿ. ಖಾರ ಇಲ್ಲ ಅಂತ ನಂಬಿ ಎರಡನೆಯದಕ್ಕೆ ಬಾಯಿ ತೆರೆಯಬೇಡಿ. ಆ ರಾತ್ರಿ ನಮ್ಮ ಹುಡುಗರು ನಿಜವಾಗಿ ಕಿರುಚಿದ್ದು ಅಲ್ಲೊಂದೇ ಕಡೆ.